ಗೇಮಿನ ಸೌಂಡ್ ಬಂದ್ ಮಾಡಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ ಮಕ್ಕಳ ಮೊಬೈಲ್ ಗೇಮಿನ ಬಗ್ಗೆ ಒಂದು ಬರಹ ಓದಿದೆ. ಮಳೆ ರಜೆ ಕೊಟ್ಟಾಗ ಮಕ್ಕಳು ಇಡೀ ದಿನ ಫೋನ್ ಹಿಡಿದು ಕೂತಿರುತ್ತಾರೆ, ಮನೆಯವರು ಏನು ಮಾಡಬೇಕು ಅನ್ನೋದು ವಿಷಯ. ಹೊತ್ತು ಗೊತ್ತು ಮಾಡಿ, ಊಟಕ್ಕೆ ಕೂತಾಗ ಫೋನ್ ತೆಗೆದಿಡಿ, ರಾತ್ರಿ ಹಾಸಿಗೆಗೆ ಒಯ್ಯಲು ಬಿಡಬೇಡಿ ಅಂತ ಬರೆದಿದ್ದರು. ಎಲ್ಲ ಸರಿಯಾದ ಮಾತು. ನಮ್ಮ ಮನೆಯಲ್ಲೂ ಇದೇ ನಿಯಮ. ಆದರೆ ಕೊನೆಗೆ ಇನ್ನೊಂದು ಸಲಹೆ ಇತ್ತು. ಆಡಲೇಬೇಕು ಅಂತ ಹಟ ಹಿಡಿದರೆ ಸೌಂಡ್ ಬಂದ್ ಮಾಡಿಸಿ ಆಡಲು ಬಿಡಿ, ಆ ಗಲಾಟೆ ಯಾರಿಗೂ ಬೇಕಿಲ್ಲ ಅಂತ. ಅದನ್ನು ಓದಿ ನನಗೆ ಬೇಜಾರಾಯಿತು. ನಾಲ್ಕು ದಿನ ತಲೆಯಲ್ಲೇ ಸುತ್ತಿತು. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ತೀರ್ಥಹಳ್ಳಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಹದಿನೇಳು ವರ್ಷ ಆಯಿತು. ಮಳೆಗಾಲದಲ್ಲಿ ನಮ್ಮಲ್ಲಿಗೆ ಬರುವ ಫೋನುಗಳಲ್ಲಿ ಚಾರ್ಜಿಂಗ್ ಪಿನ್ ಬಿಟ್ಟರೆ ರಿಂಗರಿನ ಕೆಲಸವೇ ಜಾಸ್ತಿ. ರಿಂಗರ್ ಅಂದರೆ ಫೋನಿನ ಕೆಳತುದಿಯಲ್ಲಿರುವ ದೊಡ್ಡ ಸ್ಪೀಕರ್. ನಮ್ಮ ಕೆಲಸದವರು ಅದನ್ನು ಕರೆಯೋದು ಹಾಗೆ. ಅದರ ಮುಂದೆ ಒಂದು ಸಣ್ಣ ಜಾಲರಿ ಇರುತ್ತದೆ. ಆಷಾಢದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಷ್ಟು ಬರುವ ಹಾಗೆ ಆ ಜಾಲರಿಗೂ ತೇವ, ಧೂಳು ಸೇರಿ ಪದರ ಕಟ್ಟುತ್ತದೆ. ಸೌಂಡ್ ಪೂರ್ತಿ ನಿಲ್ಲೋದಿಲ್ಲ. ಕಂಬಳಿ ಹೊದೆಸಿದ ಹಾಗೆ ಆಗುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಗೋದರಿಂದ ಫೋನ್ ಇಟ್ಟುಕೊಂಡವರಿಗೆ ಗೊತ್ತೇ ಆಗೋದಿಲ್ಲ.

ಹೋದ ತಿಂಗಳು ಆಗುಂಬೆ ಕಡೆಯ ಒಬ್ಬ ಹುಡುಗ ಬಂದ. ಪಿಯುಸಿ ಓದುತ್ತಿದ್ದಾನೆ. ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದ. "ಅಣ್ಣಾ, ಗೇಮ್ ಯಾಕೋ ಮೊದಲಿನ ಹಾಗೆ ಇಲ್ಲ, ಸಪ್ಪೆ ಆಗಿದೆ. ಫೋನ್ ಸ್ಲೋ ಆಗಿದ್ಯಾ ಸ್ವಲ್ಪ ನೋಡಿ" ಅಂದ. ಯಾವ ಗೇಮು ಅಂತ ಕೇಳಿದೆ. ಆಲ್ಟೋಸ್ ಅಡ್ವೆಂಚರ್ ಅಂತ ತೋರಿಸಿದ. 2015ರಲ್ಲಿ ಬಂದ ಗೇಮು. ಹಿಮದ ಇಳಿಜಾರಿನಲ್ಲಿ ಒಬ್ಬ ಹುಡುಗ ಹಲಗೆಯ ಮೇಲೆ ನಿಂತು ಜಾರಿಕೊಂಡು ಹೋಗುತ್ತಾನೆ. ಹಗಲಾಗುತ್ತದೆ, ಕತ್ತಲಾಗುತ್ತದೆ, ಗುಡುಗು ಮಳೆ ಬರುತ್ತದೆ. ಅಷ್ಟೇ. ಫೋನ್ ಸ್ಲೋ ಆಗಿರಲಿಲ್ಲ. ಬಿಚ್ಚಿ ನೋಡಿದರೆ ಜಾಲರಿ ಹಸಿರು ಕಟ್ಟಿತ್ತು. ಬ್ರಶ್ ಹಾಕಿ ಕ್ಲೀನ್ ಮಾಡಿ, ಹೊಸ ರಿಂಗರ್ ಕೂರಿಸಿ, ಅವನ ಕೈಗೇ ಕೊಟ್ಟು ಆಡಿ ನೋಡು ಅಂದೆ.

ಮೊದಲು ಗಾಳಿಯ ಸದ್ದು ಬಂತು. ಹಿಮದ ಮೇಲೆ ಹಲಗೆ ಉಜ್ಜುವ ಸದ್ದು. ಅದರ ಹಿಂದೆ ಮೆಲ್ಲಗೆ ಸಂಗೀತ. ಹುಡುಗ ಸ್ಟೂಲ್ ಎಳೆದುಕೊಂಡು ಕೂತ. ಆಟದೊಳಗೆ ಕತ್ತಲಾಗಿ ಮಳೆ ಶುರುವಾದಾಗ ಅವನ ಭುಜ ಕೆಳಗಿಳಿದದ್ದು, ಉಸಿರು ನಿಧಾನ ಆದದ್ದು ನನಗೆ ಕೌಂಟರಿನ ಈಚೆಯಿಂದಲೇ ಕಂಡಿತು. ಬಸ್ಸಿಗೆ ಹೊತ್ತಾಗಲಿಲ್ವಾ ಅಂತ ಕೇಳಿದರೆ ಮುಂದಿನದಕ್ಕೆ ಹೋಗ್ತೀನಿ ಅಂದ.

ಅವನು ಸೌಂಡ್ ಸರಿ ಇಲ್ಲ ಅಂತ ಬಂದವನಲ್ಲ. ಗೇಮೇ ಸಪ್ಪೆ ಆಗಿದೆ ಅಂತ ಬಂದ. ಚಿತ್ರ ಅದೇ, ಬಣ್ಣ ಅದೇ, ವೇಗ ಅದೇ. ಕಡಿಮೆ ಆಗಿದ್ದದ್ದು ಸದ್ದು ಮಾತ್ರ. ಆದರೆ ಆ ಸದ್ದಿನ ಜೊತೆಗೆ ಚಳಿ, ಕತ್ತಲೆ, ಒಬ್ಬನೇ ಹೋಗುವ ಸುಖ ಎಲ್ಲ ಹೋಗಿತ್ತು. ನಿಮ್ಮ ಪುರವಣಿಯವರು ಗಲಾಟೆ ಅಂದದ್ದು ಇದನ್ನು.

ನಮ್ಮ ದೊಡ್ಡಪ್ಪ ಯಕ್ಷಗಾನದ ಮದ್ದಳೆಯವರು. ಯಾವ ಮೇಳಕ್ಕೂ ಸೇರಿದವರಲ್ಲ. ತೋಟ ನೋಡಿಕೊಂಡು, ದೀಪಾವಳಿ ಕಳೆದ ಮೇಲೆ ಹವ್ಯಾಸಿಗಳ ಜೊತೆ ಕೂರುತ್ತಾರೆ. ಚಿಕ್ಕವನಿದ್ದಾಗ ಅವರ ಹಿಂದೆ ಕೂತು ಎಷ್ಟು ಆಟ ನೋಡಿದ್ದೇನೋ ಲೆಕ್ಕ ಇಲ್ಲ. ನಾನೂ ಎರಡು ವರ್ಷ ಚಂಡೆ ಕಲಿತಿದ್ದೆ. ಗೇಮಿನ ಸಂಗೀತ ನನಗೆ ಅರ್ಥ ಆದದ್ದು ಅಲ್ಲಿಂದ.

ಯಕ್ಷಗಾನದ ಹಿಮ್ಮೇಳದಲ್ಲಿ ಕೂತವರಿಗೆ ಒಂದು ಕಷ್ಟ ಇದೆ. ವೇಷಧಾರಿ ಎಷ್ಟು ಹೊತ್ತು ಕುಣಿಯುತ್ತಾನೆ ಅಂತ ಅವರಿಗೆ ಗೊತ್ತಿರೋದಿಲ್ಲ. ಅವನಿಗೆ ಉತ್ಸಾಹ ಇದ್ದರೆ ಒಂದು ಪದ್ಯಕ್ಕೆ ಹತ್ತು ನಿಮಿಷ ಆಗುತ್ತದೆ. ಸುಸ್ತಾಗಿದ್ದರೆ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಹಾಗಾಗಿ ಭಾಗವತರು ಅದೇ ಸಾಲನ್ನು ತಿರುತಿರುಗಿ ಹೇಳುತ್ತಾ ವೇಷದ ಮೇಲೆ ಕಣ್ಣಿಟ್ಟಿರುತ್ತಾರೆ. ಅವನು ಸಾಕು ಅಂತ ಸೂಚನೆ ಕೊಟ್ಟ ತಕ್ಷಣ ಮುಕ್ತಾಯ. ಆ ಮುಕ್ತಾಯ ತಾಳ ತಪ್ಪದ ಹಾಗೆ, ನೋಡುವವರಿಗೆ ಇದು ಇಲ್ಲಿಗೇ ಮುಗಿಯಬೇಕಿತ್ತು ಅನಿಸುವ ಹಾಗೆ ಬರಬೇಕು. ಇನ್ನೊಂದು ವಿಷಯ. ದುಃಖದ ಪದ್ಯಕ್ಕೆ, ಇಬ್ಬರೇ ಮೆಲ್ಲಗೆ ಮಾತಾಡುವ ಸಂದರ್ಭಕ್ಕೆ ಚಂಡೆ ಸುಮ್ಮನಿರುತ್ತದೆ. ಮದ್ದಳೆ ಒಂದೇ ನಡೆಸಿಕೊಂಡು ಹೋಗುತ್ತದೆ. ಯುದ್ಧ ಬಂದರೆ, ರಾಕ್ಷಸನ ಪ್ರವೇಶ ಬಂದರೆ ಅದೇ ತಾಳದ ಮೇಲೆ ಚಂಡೆ ಏರುತ್ತದೆ. ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ತೆರೆಯ ಹಿಂದಿನ ವೇಷ ಇನ್ನೂ ಕಂಡೇ ಇರೋದಿಲ್ಲ, ಆಗಲೇ ಎದೆ ಹೊಡೆದುಕೊಳ್ಳಲು ಶುರು ಆಗಿರುತ್ತದೆ.

ಸಿನಿಮಾಕ್ಕೆ ಸಂಗೀತ ಮಾಡುವವರಿಗೆ ಈ ಕಷ್ಟ ಇಲ್ಲ. ದೃಶ್ಯ ಮೂರು ನಿಮಿಷ ಅಂದರೆ ಮೂರೇ ನಿಮಿಷ. ಗೇಮಿಗೆ ಸಂಗೀತ ಮಾಡುವವರು ಮಾತ್ರ ಭಾಗವತರ ಜಾಗದಲ್ಲಿ ಕೂತಿರುತ್ತಾರೆ. ಆಡುವ ಹುಡುಗ ಕೋಟೆಯ ಬಾಗಿಲಲ್ಲಿ ಹತ್ತು ಸೆಕೆಂಡ್ ನಿಲ್ಲಬಹುದು. ಅರ್ಧ ಗಂಟೆ ನಿಲ್ಲಬಹುದು. ಅಮ್ಮ ಊಟಕ್ಕೆ ಕರೆದರೆ ಅಲ್ಲೇ ಬಿಟ್ಟು ಎದ್ದು ಹೋಗಬಹುದು. ಅಷ್ಟೂ ಹೊತ್ತು ಸಂಗೀತ ಬೇಸರ ಬರದ ಹಾಗೆ ಸುತ್ತುತ್ತಿರಬೇಕು. ಅವನು ಒಳಗೆ ಕಾಲಿಟ್ಟ ಗಳಿಗೆಯಲ್ಲಿ ತಾಳ ತಪ್ಪದೆ ಬದಲಾಗಬೇಕು. ಇದನ್ನು ಮೊದಲು ಅಚ್ಚುಕಟ್ಟಾಗಿ ಮಾಡಿದವರಲ್ಲಿ ಲ್ಯೂಕಾಸ್ ಆರ್ಟ್ಸ್ ಕಂಪನಿಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಮುಖ್ಯರು. 1991ರ ಮಂಕಿ ಐಲ್ಯಾಂಡ್ ಗೇಮಿನ ಎರಡನೇ ಭಾಗದಲ್ಲಿ ಅವರು ಐಮ್ಯೂಸ್ ಅನ್ನುವ ವ್ಯವಸ್ಥೆ ತಂದರು. ಒಂದು ಮನೆಯಿಂದ ಇನ್ನೊಂದಕ್ಕೆ ಹೋದರೆ ಹಾಡು ಕತ್ತರಿಸಿದ ಹಾಗೆ ನಿಲ್ಲುತ್ತಿರಲಿಲ್ಲ. ಸರಿಯಾದ ಮಾತ್ರೆಗೆ ಕಾದು, ಅಲ್ಲಿಂದ ಹೊಸ ರಾಗಕ್ಕೆ ಜಾರುತ್ತಿತ್ತು. ಈಗಿನ ಎಷ್ಟೋ ಗೇಮುಗಳಲ್ಲಿ ಒಂದೇ ಹಾಡನ್ನು ನಾಲ್ಕೈದು ಪದರ ಮಾಡಿ ಒಟ್ಟಿಗೆ ಓಡಿಸುತ್ತಾರೆ. ಶತ್ರು ದೂರ ಇದ್ದಾಗ ಒಂದೇ ಪದರ ಕೇಳಿಸುತ್ತದೆ. ಹತ್ತಿರ ಬಂದ ಹಾಗೆ ತಾಳವಾದ್ಯದ ಪದರ ಏರಿಸುತ್ತಾರೆ. ಮದ್ದಳೆಯ ಮೇಲೆ ಚಂಡೆ ಏರಿದ ಹಾಗೇ ಅಲ್ವಾ?

ಒಂದು ದಿನ ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಫೋನಿನಲ್ಲಿ ಒಂದು ಆಟ ಹಾಕಿ, ಶತ್ರು ಬಂದಾಗ, ಹೋದಾಗ ಆಗುವ ವ್ಯತ್ಯಾಸ ಕೇಳಿಸಿದೆ. ಅವರು ಪರದೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೇಳಿದರು. ಆಮೇಲೆ, "ಹೌದಾ ಮಾರಾಯ, ಇದನ್ನು ಮಾಡಿದವನಿಗೆ ವೇಷ ಕಾಣೋದಿಲ್ಲ. ಕಾಣದೇ ಬಾರಿಸ್ತಿದಾನೆ. ಕಷ್ಟ ಇದು" ಅಂದರು. ಎಪ್ಪತ್ತು ದಾಟಿದವರು. ಅವತ್ತಿನವರೆಗೆ ಒಂದು ಗೇಮ್ ಆಡಿದವರಲ್ಲ.

ನನ್ನ ಮಗಳು ಹತ್ತನೇ ಕ್ಲಾಸು. ಕಳೆದ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ನಾನು ಈ ಪತ್ರ ಬರೆಯಲು ಅದೂ ಕಾರಣ.

ಸಂಜೆ ಏಳು ಗಂಟೆ. ಕರೆಂಟ್ ಹೋಗಿತ್ತು. ಮಳೆ ಧೋ ಅಂತ ಸುರಿಯುತ್ತಿತ್ತು. ನಮ್ಮ ಜಗಲಿಗೆ ಝಿಂಕ್ ಶೀಟ್ ಹಾಕಿದೆ. ಮಳೆ ಜೋರಾದರೆ ಅಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳಿಸೋದಿಲ್ಲ. ಮಗಳು ಅಲ್ಲೇ ಕೂತು ಲಿಂಬೋ ಆಡುತ್ತಿದ್ದಳು. 2010ರಲ್ಲಿ ಡೆನ್ಮಾರ್ಕಿನ ಪ್ಲೇಡೆಡ್ ಕಂಪನಿ ಮಾಡಿದ ಗೇಮು. ಬಣ್ಣ ಇಲ್ಲ, ಪೂರ್ತಿ ಕಪ್ಪು ಬಿಳಿ. ಕತ್ತಲೆ ಕಾಡಿನಲ್ಲಿ ಒಬ್ಬ ಪುಟ್ಟ ಹುಡುಗ ನಡೆದುಕೊಂಡು ಹೋಗುತ್ತಾನೆ. ಮುಂದೆ ಒಂದು ದೈತ್ಯ ಜೇಡ ಕಾದಿರುತ್ತದೆ. ಮಗಳು ಜೇಡದ ಕಾಲಿಗೆ ಸಿಕ್ಕಿ ಮೂರು ಸಲ ಸತ್ತಳು. ಪ್ರತಿ ಸಲವೂ ನಕ್ಕು, ಮತ್ತೆ ಶುರು ಮಾಡಿದಳು. ಮಳೆಯ ಅಬ್ಬರಕ್ಕೆ ಫೋನಿನ ಸೌಂಡ್ ಒಂಚೂರೂ ಕೇಳುತ್ತಿರಲಿಲ್ಲ. ನಿಮ್ಮ ಸಲಹೆಯ ಪ್ರಕಾರವೇ ಆಡುತ್ತಿದ್ದಳು ಅನ್ನಬಹುದು.

ಆಮೇಲೆ ಮಳೆ ನಿಂತಿತು. ನಮ್ಮ ಕಡೆಯವರಿಗೆ ಇದು ಗೊತ್ತು. ಯಾರೋ ನಲ್ಲಿ ತಿರುಗಿಸಿದ ಹಾಗೆ ಒಂದೇ ಸಲ ನಿಲ್ಲುತ್ತದೆ. ಶೀಟಿನ ತುದಿಯಿಂದ ಹನಿ ಬೀಳುವ ಸದ್ದು ಮಾತ್ರ ಉಳಿಯಿತು. ಆಗ ಫೋನಿನಿಂದ ಆ ಹುಡುಗನ ಹೆಜ್ಜೆ ಸದ್ದು ಕೇಳಿಸಿತು. ಅದರ ಹಿಂದೆ ದೂರದಲ್ಲಿ ಒಂದು ಗುಂಯ್ ಅನ್ನುವ ಸದ್ದು. ಗಾಳಿಯೋ ಯಂತ್ರವೋ ಹೇಳಲು ಬರೋದಿಲ್ಲ. ಜಾಗ ಅದೇ. ಜೇಡ ಅದೇ. ಮೂರು ಸಲ ನೋಡಿ ನಕ್ಕದ್ದೇ. ಈ ಸಲ ಅವಳು ಹುಡುಗನನ್ನು ಮುಂದೆ ನಡೆಸಲೇ ಇಲ್ಲ. ಹೆಬ್ಬೆರಳು ಪರದೆಯ ಮೇಲೆ ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಿಗೆ, "ಅಪ್ಪಯ್ಯ, ನೀವು ಇಲ್ಲೇ ಇರ್ತೀರಲ್ಲ?" ಅಂದಳು. ನಾನು ಪಕ್ಕದಲ್ಲಿ ಕೂತೆ. ಜೇಡ ದಾಟಿದ ಮೇಲೆ ಅವಳು ಬಿಟ್ಟ ಉಸಿರು, ಮುಖದ ಮೇಲೆ ಬಂದ ಗೆಲುವು, ಅದು ಸೌಂಡ್ ಇಲ್ಲದ ಆಟದಲ್ಲಿ ಬರುವಂಥದ್ದಲ್ಲ. ಹೆದರಿಕೆ ನಿಜ ಆದ್ದರಿಂದ ದಾಟಿದ್ದೂ ನಿಜ ಆಯಿತು.

ಆ ಗೇಮಿನಲ್ಲಿ ಹಾಡು ಅನ್ನೋದು ಇಲ್ಲ ಅಂತಲೇ ಹೇಳಬಹುದು. ಸದ್ದು ಕೂಡಿಸಿದವರು ಮಾರ್ಟಿನ್ ಸ್ಟಿಗ್ ಆಂಡರ್ಸನ್. ಇಲ್ಲಿ ಹೆದರಬೇಕು, ಇಲ್ಲಿ ಅಳಬೇಕು ಅಂತ ರಾಗ ಹಾಕಿ ಅವರು ಹೇಳಿಕೊಡೋದಿಲ್ಲ. ಕಾಡಿನ ನಡುವೆ ಬಿಟ್ಟು ಸುಮ್ನೆ ಇದ್ದುಬಿಡುತ್ತಾರೆ. ಇದೇ ಕಂಪನಿ 2016ರಲ್ಲಿ ಮಾಡಿದ ಇನ್‌ಸೈಡ್ ಗೇಮಿಗೆ ಅವರು ಶಬ್ದಗಳನ್ನು ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ ರೆಕಾರ್ಡ್ ಮಾಡಿದರು. ನಮ್ಮ ದನಿ ನಮಗೆ ಕೇಳೋದು ಅರ್ಧ ಮೂಳೆಯ ಮೂಲಕ. ಅದಕ್ಕೇ ರೆಕಾರ್ಡ್ ಮಾಡಿ ಕೇಳಿದರೆ ನಮ್ಮ ದನಿ ನಮಗೇ ಬೇರೆ ಅನಿಸುತ್ತದೆ. ಆ ಗೇಮಿನ ಸದ್ದು ಹೊರಗಿನಿಂದ ಬಂದ ಹಾಗೆ ಇರೋದಿಲ್ಲ, ನಮ್ಮ ತಲೆಯೊಳಗೇ ಹುಟ್ಟಿದ ಹಾಗೆ ಇರುತ್ತದೆ. ಇಷ್ಟು ಕಷ್ಟಪಟ್ಟು ಮಾಡಿದ ಕೆಲಸಕ್ಕೆ ಗಲಾಟೆ ಅನ್ನಬಾರದು.

ಬರೀ ಹೆದರಿಸುವ ಆಟದ ಮಾತಲ್ಲ ಇದು. 1978ರ ಸ್ಪೇಸ್ ಇನ್ವೇಡರ್ಸಿನಲ್ಲಿ ಇದ್ದದ್ದು ನಾಲ್ಕೇ ಸ್ವರ. ಇಳಿಯುವ ನಾಲ್ಕು ದಪ್ಪ ಸ್ವರ, ಎದೆ ಬಡಿದ ಹಾಗೆ. ಶತ್ರುಗಳು ಕಡಿಮೆ ಆದಷ್ಟೂ ಉಳಿದವರ ಓಟ ಜೋರಾಗುತ್ತದೆ, ಆ ಬಡಿತವೂ ಜೋರಾಗುತ್ತದೆ. ಆಡುವವರ ಕೈ ತಾನೇ ನಡುಗುತ್ತದೆ.

ಮಾರಿಯೋ ನನ್ನ ವಯಸ್ಸಿನವರೆಲ್ಲ ಆಡಿದ್ದೇವೆ. ನಾನು ಆಡಿದ್ದು ಬೇಸಿಗೆ ರಜೆಯಲ್ಲಿ, ಶಿವಮೊಗ್ಗದ ದುರ್ಗಿಗುಡಿಯ ಮಾವನ ಮನೆಯಲ್ಲಿ. ಟೀವಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ಗೇಮು. 1985ರಲ್ಲಿ ಕೋಜಿ ಕೊಂಡೋ ಅದಕ್ಕೆ ಸಂಗೀತ ಮಾಡಿದಾಗ ಯಂತ್ರದಲ್ಲಿ ಸದ್ದು ಹೊರಡಲು ಇದ್ದದ್ದು ಐದೇ ದಾರಿ. ಎರಡರಲ್ಲಿ ರಾಗ, ಒಂದರಲ್ಲಿ ದಪ್ಪ ಸ್ವರ, ಒಂದರಲ್ಲಿ ತಾಳಕ್ಕೆ ಬೇಕಾದ ಚುಸ್ ಚುಸ್ ಸದ್ದು, ಇನ್ನೊಂದು ಸಣ್ಣ ರೆಕಾರ್ಡಿಂಗಿಗೆ. ಮಾರಿಯೋ ನೆಗೆದರೆ ಆ ಸದ್ದಿಗೂ ಇದೇ ದಾರಿ ಬೇಕು. ಹಾಗಾಗಿ ಹಾಡಿನ ಒಂದು ಎಳೆ ಒಂದು ಕ್ಷಣ ಬಿಟ್ಟುಕೊಟ್ಟು ಮತ್ತೆ ಬಂದು ಸೇರುತ್ತದೆ. ಯಾರಿಗೂ ಗೊತ್ತಾಗೋದಿಲ್ಲ. ಟೈಮು ನೂರಕ್ಕಿಂತ ಕೆಳಗೆ ಬಂದರೆ ಒಂದು ಎಚ್ಚರಿಕೆಯ ಸದ್ದು, ಆಮೇಲೆ ಅದೇ ಹಾಡು ಓಡಲು ಶುರು. ನನ್ನ ಮಾವನ ಮಗ ಆ ಹಾಡು ಓಡಿದ ಕೂಡಲೇ ಸುಮ್ನೆ ನಿಂತ ಜಾಗದಲ್ಲೂ ಗುಂಡಿಗೆ ಬೀಳುತ್ತಿದ್ದ. ಅತ್ತೆ ಮಧ್ಯಾಹ್ನ ಮಲಗಿದಾಗ ಟೀವಿಯ ಸೌಂಡ್ ಇಳಿಸಿ ಆಡುತ್ತಿದ್ದೆವು. ಆಗ ಅವನು ಬೀಳುತ್ತಿರಲಿಲ್ಲ. ಆದರೆ ಬೇಗ ಬೇಸರ ಬಂದು ಎದ್ದು ಹೋಗುತ್ತಿದ್ದ.

ನಮ್ಮ ಅಪ್ಪನ ಹತ್ತಿರ ಒಂದು ರೇಡಿಯೋ ಇತ್ತು. ಅದರಲ್ಲಿ ಸದಾ ಭದ್ರಾವತಿ ಆಕಾಶವಾಣಿ. ಏಪ್ರಿಲ್ ತಿಂಗಳ ಕೊನೆಗೆ, ಗುಡುಗು ಮಳೆ ಬರುವ ಸಂಜೆ, ಆಕಾಶ ಇನ್ನೂ ಬೆಳ್ಳಗೆ ಇರುವಾಗಲೇ ಹಾಡಿನ ನಡುವೆ ಚರ್ ಚರ್ ಅನ್ನಲು ಶುರು ಆಗುತ್ತಿತ್ತು. ಎಲ್ಲೋ ಘಟ್ಟದ ಆಚೆ ಹೊಡೆಯುವ ಮಿಂಚನ್ನು ರೇಡಿಯೋ ಹಿಡಿಯುತ್ತಿತ್ತು. ಗುಡುಗು ನಮ್ಮ ಕಿವಿಗೆ ಇನ್ನೂ ಬಂದಿರುತ್ತಿರಲಿಲ್ಲ. ಅಮ್ಮ ಆ ಸದ್ದು ಕೇಳಿದ್ದೇ ಅಂಗಳದ ಅಡಿಕೆ ಒಳಗೆ ಹಾಕಲು ಎಲ್ಲರನ್ನೂ ಕೂಗುತ್ತಿದ್ದಳು. ಆ ಚರ್ ಚರ್ ಅಂದರೆ ನನಗೆ ಇವತ್ತಿಗೂ ಏನೋ ಬರ್ತಾ ಇದೆ ಅಂತಲೇ ಅರ್ಥ.

ಶಿವಮೊಗ್ಗದಲ್ಲಿ ಐಟಿಐ ಓದುವಾಗ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಆಡುವ ಒಂದು ಗೇಮ್ ಅಂಗಡಿಯಲ್ಲಿ ಸೈಲೆಂಟ್ ಹಿಲ್ ನೋಡಿದೆ. 1999ರ ಗೇಮು. ಮಂಜು ಮುಸುಕಿದ ಊರು. ಕಳೆದುಹೋದ ಮಗಳನ್ನು ಹುಡುಕುವ ಅಪ್ಪ. ಅವನ ಜೇಬಿನಲ್ಲಿ ಒಂದು ಸಣ್ಣ ರೇಡಿಯೋ. ಭೂತದಂಥ ಪ್ರಾಣಿ ಹತ್ತಿರ ಬಂದರೆ ಕಣ್ಣಿಗೆ ಕಾಣುವ ಮೊದಲೇ ರೇಡಿಯೋ ಚರ್ ಅನ್ನುತ್ತದೆ. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಜಪಾನಿನಲ್ಲಿ ಅಕಿರಾ ಯಮಾವೋಕ ಅನ್ನುವವರು ಸದ್ದು, ಸಂಗೀತ ಮಾಡಿದ ಗೇಮು, ನಮ್ಮ ಅಮ್ಮ ಅಡಿಕೆ ಒಳಗೆ ಹಾಕಲು ಕೂಗಿದ ಸಂಜೆಯನ್ನು ನನ್ನೊಳಗಿಂದ ಎಳೆದು ತಂದಿತು. ಆ ಊರಿನ ಮಂಜಿಗೂ ಒಂದು ಕತೆ ಇದೆ. ಅವತ್ತಿನ ಪ್ಲೇಸ್ಟೇಷನ್ನಿಗೆ ದೂರದ ಬೀದಿ, ಮನೆ ಎಲ್ಲ ಒಟ್ಟಿಗೆ ಬಿಡಿಸುವಷ್ಟು ಶಕ್ತಿ ಇರಲಿಲ್ಲ. ಅದನ್ನು ಮುಚ್ಚಲು ಮಂಜು ಹಾಕಿದರು. ಕಣ್ಣಿಗೆ ಏನೂ ಕಾಣದ ಕಡೆ ಕಿವಿಗೆ ಕೆಲಸ ಜಾಸ್ತಿ. ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳು ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುವಿನ ಆಚೆ ಬರುವ ಬಸ್ಸನ್ನು ನಾವು ಕೇಳಿಯೇ ನೋಡೋದು.

ಸದ್ದು ಇಲ್ಲದಿರುವುದೂ ಸಂಗೀತದ ಭಾಗವೇ. ಮೈನ್‌ಕ್ರಾಫ್ಟ್ ಆಡುವ ಮಕ್ಕಳನ್ನು ಕೇಳಿ. ಅದರಲ್ಲಿ ಎಷ್ಟೋ ನಿಮಿಷ ಹಾಡೇ ಇರೋದಿಲ್ಲ. ಮಣ್ಣು ಅಗೆಯುವ ಸದ್ದು, ಕುರಿಯ ಕೂಗು, ನೀರು. ಯಾವಾಗಲೋ ಒಮ್ಮೆ ಪಿಯಾನೋ ಬರುತ್ತದೆ, ಸ್ವಲ್ಪ ಹೊತ್ತಿದ್ದು ಹೋಗುತ್ತದೆ. ಕಾದು ಸಿಕ್ಕಿದ್ದಕ್ಕೆ ಅದು ಮನಸ್ಸಿಗೆ ಇಳಿಯುತ್ತದೆ. ಅದನ್ನು ಮಾಡಿದ್ದು ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದಿನವರಿಗಾಗಿ ಕಾಪಾಡಬೇಕಾದ ಧ್ವನಿಗಳ ಒಂದು ಪಟ್ಟಿ ಇಟ್ಟಿದೆ. ಅದಕ್ಕೆ 2023ರಲ್ಲಿ ಮಾರಿಯೋದ ಹಾಡು ಸೇರಿತು, 2025ರಲ್ಲಿ ಮೈನ್‌ಕ್ರಾಫ್ಟಿನ ಸಂಗೀತ ಸೇರಿತು. ಗ್ರ್ಯಾಮಿಯಲ್ಲಿ 2023ರಿಂದ ಗೇಮಿನ ಸಂಗೀತಕ್ಕೇ ಬೇರೆ ಪ್ರಶಸ್ತಿ ಇದೆ. ನಮ್ಮ ಪತ್ರಿಕೆಗಳು ಮಾತ್ರ ಇನ್ನೂ ಗೇಮ್ ಅಂದರೆ ಚಟ, ದುಡ್ಡು, ಕಣ್ಣು ಹಾಳು ಇಷ್ಟನ್ನೇ ಬರೆಯುತ್ತಿವೆ.

ಕಿವಿಯ ವಿಚಾರದಲ್ಲಿ ನಿಮ್ಮ ಕಾಳಜಿ ಸರಿ. ಬಿಜಿಎಂಐ ಅನ್ನುವ ಗುಂಡು ಹಾರಿಸುವ ಗೇಮ್ ಆಡುವ ಹುಡುಗರು ಹೆಜ್ಜೆ ಸದ್ದು ಎಡಕ್ಕೋ ಬಲಕ್ಕೋ ಅಂತ ತಿಳಿಯಲು ಇಯರ್‌ಫೋನನ್ನು ಪೂರ್ತಿ ಏರಿಸಿ ಕೂರುತ್ತಾರೆ. ಒಂದು ಕಿವಿ ಸತ್ತ ಇಯರ್‌ಫೋನ್ ಹಿಡಿದು ನನ್ನ ಹತ್ತಿರ ಓಡಿ ಬರೋದೂ ಅದಕ್ಕೇ. ನಾನು ಅವರಿಗೆ ಹೇಳೋದು ಇಷ್ಟು: ಫೋನಿನ ಪೂರ್ತಿ ಸೌಂಡಿನಲ್ಲಿ ನೂರಕ್ಕೆ 60 ದಾಟಬೇಡಿ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಮಕ್ಕಳಿಗಾದರೆ 75 ಡೆಸಿಬಲ್, ವಾರಕ್ಕೆ 40 ಗಂಟೆ, ಅದರ ಮೇಲೆ ಬೇಡ. ಸೌಂಡ್ ಇಳಿಸಿ ಅಂತ ಬರೆಯಿರಿ. ಅರ್ಧ ಗಂಟೆ ಸಾಕು ಅಂತ ಬರೆಯಿರಿ. ಬಂದ್ ಮಾಡಿಸಿ ಅಂತ ಬರೆಯಬೇಡಿ. ಸೌಂಡ್ ಇಲ್ಲದೆ ಎರಡು ಗಂಟೆ ಆಡುವ ಮಗುವಿಗೆ ಉಳಿಯೋದು ಬರೀ ಬೆರಳಿನ ಕೆಲಸ. ಸೌಂಡ್ ಕೇಳಿಕೊಂಡು ಅರ್ಧ ಗಂಟೆ ಆಡಿದ ಮಗು ಒಂದು ಊರಿಗೆ ಹೋಗಿ ಬಂದಿರುತ್ತದೆ.

ನನ್ನದು ಎರಡು ಕೋರಿಕೆ. ಶುಕ್ರವಾರದ ಸಿನಿಮಾ ಪುಟದಲ್ಲಿ ಹಾಡು ಹೇಗಿದೆ, ಹಿನ್ನೆಲೆ ಸಂಗೀತ ಹೇಗಿದೆ ಅಂತ ತಪ್ಪದೆ ಬರೆಯುತ್ತೀರಿ. ಅದರ ಪಕ್ಕದಲ್ಲಿ ತಿಂಗಳಿಗೆ ಒಂದು ಸಲವಾದರೂ ಒಂದು ಗೇಮಿನ ಸದ್ದಿನ ಬಗ್ಗೆ ಬರೆಸಿ. ಬೆಲೆ, ಬ್ಯಾಟರಿ, ಗ್ರಾಫಿಕ್ಸ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕಿವಿ ಇಟ್ಟು ಕೇಳಿ ಬರೆಯುವವರು ಬೇಕು.

ಇನ್ನೊಂದು ಕೋರಿಕೆ ನಿಮ್ಮ ಮೂಲಕ ಗೇಮ್ ಮಾಡುವವರಿಗೆ. ಬೆಂಗಳೂರಿನಲ್ಲಿ ಅಂಥ ಕಂಪನಿಗಳು ಸಾಕಷ್ಟಿವೆ. ನಮ್ಮ ಕಡೆಯ ಮಕ್ಕಳೂ ಅಲ್ಲಿದ್ದಾರೆ. ಗೇಮುಗಳಲ್ಲಿ ಬರುವ ಮಳೆಯನ್ನು ನಾನು ಗಮನ ಇಟ್ಟು ಕೇಳುತ್ತೇನೆ. ಹೆಚ್ಚಿನವುಗಳಲ್ಲಿ ಒಂದೇ ಮಳೆ. ಹೆಂಚಿನ ಮೇಲೂ ಅದೇ, ಎಲೆಯ ಮೇಲೂ ಅದೇ, ನೀರಿನ ಮೇಲೂ ಅದೇ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆಯ ಪಕ್ಕದವರಿಗೆ ಅದು ಕೇಳಲು ಆಗೋದಿಲ್ಲ. ಅಡಿಕೆ ತೋಟದೊಳಗೆ ನಿಂತರೆ ಮಳೆ ಎರಡು ಸಲ ಬೀಳುತ್ತದೆ. ಮೊದಲು ಮೇಲೆ ಸೋಗೆಗೆ, ಆಮೇಲೆ ದಪ್ಪ ಹನಿಯಾಗಿ ಕೆಳಗಿನ ಬಾಳೆ ಎಲೆಗೆ. ಮಳೆ ನಿಂತು ಕಾಲು ಗಂಟೆ ಆದರೂ ತೋಟದೊಳಗೆ ಮಳೆ ನಿಂತಿರೋದಿಲ್ಲ. ನಾಟಿ ಗದ್ದೆಯಲ್ಲಿ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹೊದ್ದು ಬಗ್ಗಿದವರಿಗೆ ಮಳೆ ಬೆನ್ನಿನ ಮೇಲೆ, ಕಿವಿಯ ಹಿಂದೆಯೇ ಬೀಳುತ್ತದೆ. ಎದುರಿಗಿನವರ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಕಾಡಿನಲ್ಲಿ ಜೀರುಂಡೆ ಇಡೀ ದಿನ ಕೂಗಿ ಒಂದೇ ಸಲ ನಿಂತರೆ ನಡೆಯುವವರ ಕಾಲೂ ನಿಲ್ಲುತ್ತದೆ. ಇವೆಲ್ಲ ಯಾವ ಗೇಮಿನಲ್ಲೂ ನಾನು ಕೇಳಿಲ್ಲ. ನಮ್ಮ ಪುರಾಣ, ನಮ್ಮ ಕೋಟೆ ಇಟ್ಟುಕೊಂಡು ಗೇಮ್ ಬರುತ್ತಿಲ್ಲ ಅಂತಲ್ಲ. 2020ರಲ್ಲಿ ಪುಣೆಯ ತಂಡವೊಂದು ರಾಜಿ ಅನ್ನುವ ಗೇಮ್ ಮಾಡಿತು, ಚೆನ್ನಾಗಿದೆ. ನಮ್ಮ ಕಡೆಯ ಕತೆ ಮಾಡುವವರು ಕವಲೇದುರ್ಗದ ಕೋಟೆಯ ಫೋಟೋ ತೆಗೆದುಕೊಂಡು ಹೋದರೆ ಸಾಲದು. ಅಲ್ಲಿ ಬೀಸುವ ಗಾಳಿಯನ್ನೂ ತೆಗೆದುಕೊಂಡು ಹೋಗಬೇಕು.

ಹಾಗೆ ರೆಕಾರ್ಡ್ ಮಾಡಲು ಬರುವವರು ಯಾರಾದರೂ ಇದ್ದರೆ ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಅವರಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮನೆಗೆ ಹೆಂಚು, ಕೊಟ್ಟಿಗೆಗೆ ಶೀಟು, ಹಿತ್ತಲ ಕಟ್ಟಿಗೆ ಮನೆಗೆ ಇನ್ನೂ ಸೋಗೆ. ಜಗಲಿಯ ನಡುವೆ ಕೂತರೆ ಮೂರೂ ಮಳೆ ಒಟ್ಟಿಗೆ ಕೇಳುತ್ತದೆ. ಮೈಕ್ ನೆನೆಯೋದಿಲ್ಲ. ಮದ್ದಳೆ, ಚಂಡೆ ಬೇಕಾದರೆ ಅದೂ ಇದೆ. ಈಗ ಪುನರ್ವಸು ನಡೆಯುತ್ತಿದೆ. ಆಶ್ಲೇಷ ಮುಗಿಯುವುದರೊಳಗೆ ಬಂದರೆ ಒಳ್ಳೆಯದು, ಆಮೇಲೆ ಮಳೆ ತೆಳುವಾಗುತ್ತದೆ. ಕರೆಂಟ್ ನಂಬಬೇಡಿ. ಬ್ಯಾಟರಿ ಜೊತೆಗೆ ತನ್ನಿ.

ಇಂತಿ ನಿಮ್ಮ ಓದುಗ,
ಮೊಬೈಲ್ ರಿಪೇರಿ ಅಂಗಡಿಯವ, ತೀರ್ಥಹಳ್ಳಿ